ಶಾರ್ಕ್, ಕತ್ತೆ ಮತ್ತು ಹದ್ದು: ಕಾನ್ ಚಿತ್ರೋತ್ಸವದ ತೀರ್ಪುಗಳ ವಿಮರ್ಶೆ

ಪ್ರಶಸ್ತಿಯೆಂದರೆ ತೀರ್ಪು. ಹತ್ತಾರು ಕೃತಿಗಳ ನಡುವಿನಿಂದ ಒಂದನ್ನು ಎತ್ತಿ ಹಿಡಿದು ‘ಇದು ಶ್ರೇಷ್ಠ’ವೆಂದು ಲೋಕದ ಮುಂದೆ ಸಾರುವವರು ಆ ಕೃತಿಯ ಗುಣಕ್ಕೆ ಹೇಗೋ ಹಾಗೆಯೇ ಅದರ ದೋಷಕ್ಕೂ ಸಾಕ್ಷಿಗಳಾಗುತ್ತಾರೆ. ಜೈನಾಚಾರ್ಯರು ಕರ್ಮದ ಹೊಣೆಯನ್ನು ವಿವರಿಸುವಾಗ ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳನ್ನು ಹೇಳಿರುವುದು ಶ್ರಾವಕರೆಲ್ಲರಿಗೂ ತಿಳಿದ ವಿಷಯ. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಇತರರು ಮಾಡಿದ್ದನ್ನು ಮೆಚ್ಚಿ ಒಪ್ಪಿಕೊಂಡದ್ದು, ಈ ಮೂರರಿಂದಲೂ ಆಸ್ರವವುಂಟು. ಚಲನಚಿತ್ರೋತ್ಸವದ ತೀರ್ಪುಗಾರರು ಚಿತ್ರವನ್ನು ಮಾಡಿದವರಲ್ಲ, ಮಾಡಿಸಿದವರೂ ಅಲ್ಲ. ಅವರ ಸ್ಥಾನ ಮೂರನೆಯದು. ಆದುದರಿಂದ ಅವರ ತೀರ್ಪನ್ನು ಕಲೆಯ ಅಳತೆಗೋಲಿನ ಜೊತೆಗೆ ಅನುಮೋದನೆಯ ಅಳತೆಗೋಲಿನಿಂದಲೂ ಅಳೆಯುವುದು ಅನ್ಯಾಯವೆನಿಸದು.

ಈ ಪರೀಕ್ಷೆಗೆ ಫ್ರಾನ್ಸ್ ದೇಶದ ದಕ್ಷಿಣ ಕರಾವಳಿಯ ಕಾನ್ ನಗರದಲ್ಲಿ ನಡೆಯುವ ಅಂತಾರಾಷ್ಟ್ರೀಯ ಚಿತ್ರೋತ್ಸವಕ್ಕಿಂತ ತಕ್ಕ ಉದಾಹರಣೆ ದೊರೆಯುವುದು ಕಷ್ಟ. ಏಕೆಂದರೆ ಆ ಉತ್ಸವವು ಹುಟ್ಟಿದ್ದೇ ಒಂದು ಅನ್ಯಾಯದ ತೀರ್ಪನ್ನು ಪ್ರತಿಭಟಿಸಿ. 1938ರಲ್ಲಿ ಇಟಲಿಯ ವೆನಿಸ್ ಉತ್ಸವದಲ್ಲಿ ಮುಸೊಲಿನಿಯ ಹೆಸರಿನ ಪಾರಿತೋಷಕವು ಜರ್ಮನಿಯ ಲೇನಿ ರೀಫೆನ್‌ಸ್ಟಾಲ್ ಅವರ ‘ಒಲಿಂಪಿಯಾ’ ಚಿತ್ರಕ್ಕೆ ಸಂದಿತು. ತೀರ್ಪಿನ ಹಿಂದೆ ಸರ್ವಾಧಿಕಾರಿಗಳ ಕೈವಾಡವನ್ನು ಕಂಡ ಫ್ರೆಂಚರು, ರಾಜಕೀಯದ ಒತ್ತಡವಿಲ್ಲದ ಉತ್ಸವವೊಂದನ್ನು ತಮ್ಮ ನೆಲದಲ್ಲಿ ನಡೆಸಬೇಕೆಂದು ಸಂಕಲ್ಪಿಸಿದರು. ಶಿಕ್ಷಣ ಸಚಿವರಾಗಿದ್ದ ಜಾನ್ ಜೇ ಅದಕ್ಕೆ ಬೆಂಬಲವಿತ್ತರು. 1939ರ ಸೆಪ್ಟೆಂಬರ್ 1ರಂದು ಉದ್ಘಾಟನೆ ನಿಶ್ಚಯವಾಗಿತ್ತು. ಅದೇ ದಿನ ಜರ್ಮನಿಯ ಸೇನೆ ಪೋಲೆಂಡಿನ ಗಡಿ ದಾಟಿತು, ಉತ್ಸವ ನಿಂತುಹೋಯಿತು. ಜಾನ್ ಜೇ ಅವರು ತಮ್ಮ ಕನಸು ಕೈಗೂಡಿದ್ದನ್ನು ನೋಡಲಿಲ್ಲ. 1944ರಲ್ಲಿ ಶತ್ರುಪಕ್ಷದೊಡನೆ ಕೈಜೋಡಿಸಿದ್ದ ಸ್ವದೇಶೀಯರೇ ಅವರನ್ನು ಕೊಂದರು.

ಯುದ್ಧಾನಂತರ 1946ರ ಸೆಪ್ಟೆಂಬರಿನಲ್ಲಿ ಮೊದಲ ಉತ್ಸವ ನಡೆದಾಗ ಪರಮೋಚ್ಚ ಪ್ರಶಸ್ತಿಯನ್ನು ಒಂದೇ ಚಿತ್ರಕ್ಕೆ ಕೊಡದೆ 11 ಚಿತ್ರಗಳಿಗೆ ಹಂಚಲಾಯಿತು. ಅವುಗಳಲ್ಲಿ ಚೇತನ್ ಆನಂದ್ ಅವರ ಹಿಂದಿ ಚಿತ್ರ ‘ನೀಚಾ ನಗರ್’ ಕೂಡ ಒಂದು. ಮೇಲಿನ ನೆಲದ ಸಿರಿವಂತನು ಚರಂಡಿಯ ಕೊಳಚೆಯನ್ನು ತಗ್ಗಿನ ಬಡವರ ಕೇರಿಗೆ ಹರಿಸುವ ಕಥೆ ಅದರದು. ಭಾರತ ಇನ್ನೂ ಸ್ವತಂತ್ರವಾಗಿರಲಿಲ್ಲ. ಆದರೂ ಅದರ ಬಡವರ ದನಿಗೆ ಕಾನ್ ನಗರದಲ್ಲಿ ಕಿವಿ ಸಿಕ್ಕಿತು. ಆರಂಭವು ಹೀಗೆ ಉದಾರವಾಗಿತ್ತೆಂಬುದನ್ನು ನೆನೆದೇ ಮುಂದಿನ ತೀರ್ಪುಗಳನ್ನು ವಿಮರ್ಶಿಸಬೇಕು.

ಉತ್ಸವದ ಇಂದಿನ ಪರಮೋಚ್ಚ ಪ್ರಶಸ್ತಿಯಾದ ಪಾಮ್ ದೋರ್, ಎಂದರೆ ಬಂಗಾರದ ತಾಳೆಗರಿ, ಮೊದಲ ಬಾರಿಗೆ ಸಂದದ್ದು 1955ರಲ್ಲಿ. ಮರುವರ್ಷ, 1956ರಲ್ಲಿ, ಅದು ಒಂದು ಸಾಕ್ಷ್ಯಚಿತ್ರದ ಪಾಲಾಯಿತು. ಸಾಗರ ಸಂಶೋಧಕ ಝಾಕ್ ಕೂಸ್ತೋ ಅವರೂ ಆಗಿನ್ನೂ ಇಪ್ಪತ್ತಮೂರರ ತರುಣರಾಗಿದ್ದ ಲೂಯಿ ಮಾಲ್ ಅವರೂ ಸೇರಿ ನಿರ್ದೇಶಿಸಿದ ‘ಮೌನ ಜಗತ್ತು’ ಎಂಬ ಫ್ರೆಂಚ್ ಚಿತ್ರವದು. ಮತ್ತೊಂದು ಸಾಕ್ಷ್ಯಚಿತ್ರಕ್ಕೆ ಈ ಗೌರವ ದೊರೆಯಲು 2004ರವರೆಗೆ ಕಾಯಬೇಕಾಯಿತೆಂಬುದರಿಂದಲೇ ಆ ತೀರ್ಪಿನ ಅಪೂರ್ವತೆ ತಿಳಿದೀತು. ಅಮೆರಿಕದ ಆಸ್ಕರ್ ಪ್ರಶಸ್ತಿಯೂ ಮುಂದೆ ಅದಕ್ಕೆ ಒಲಿಯಿತು.

ಚಿತ್ರದ ಗುಣವನ್ನು ಮೊದಲು ಹೇಳುವುದು ಧರ್ಮ. ಕೈಯಲ್ಲಿ ಉರಿಯುವ ಪಂಜುಗಳನ್ನು ಹಿಡಿದ ಮುಳುಗುಗಾರರು ನೀಲ ಕತ್ತಲೆಯ ಆಳಕ್ಕೆ ಇಳಿಯುವ ಆರಂಭದ ದೃಶ್ಯವನ್ನು ನೋಡಿದವರು ಬೇಗನೆ ಮರೆಯಲಾರರು. ಸಮುದ್ರಗರ್ಭದ ಬಣ್ಣಗಳನ್ನು ಅದಕ್ಕೆ ಮುನ್ನ ಪರದೆಯ ಮೇಲೆ ಅಷ್ಟು ವಿಸ್ತಾರವಾಗಿ ಕಂಡವರು ವಿರಳ. ಮೆಡಿಟರೇನಿಯನ್, ಕೆಂಪು ಸಮುದ್ರ, ಪರ್ಷಿಯಾ ಕೊಲ್ಲಿ, ಹಿಂದೂ ಮಹಾಸಾಗರಗಳಲ್ಲಿ ಕಲಿಪ್ಸೊ ಎಂಬ ಹಡಗು ಸಂಚರಿಸುತ್ತದೆ. ಮನುಷ್ಯರ ಹಿಂದೆ ಮುಂದೆ ಸುಳಿದಾಡಿ ಸ್ನೇಹ ಬೆಳೆಸುವ ಒಂದು ದೊಡ್ಡ ಮೀನಿನ ಪ್ರಸಂಗವಂತೂ ಎಳೆಯರನ್ನೂ ಹಿರಿಯರನ್ನೂ ಸಮನಾಗಿ ನಗಿಸುತ್ತದೆ. ಅಜ್ಞಾತವಾಗಿದ್ದ ಜೀವರಾಶಿಯನ್ನು ಕಣ್ಣಿಗೆ ಕಾಣಿಸಿದ ಪುಣ್ಯ ಆ ಚಿತ್ರದ್ದು.

ಆದರೆ ಕಾಣಿಸಿದ ಜೀವಗಳನ್ನು ಅದು ನಡೆಸಿಕೊಂಡ ಬಗೆ ಬೇರೆ. ಹವಳದ ದಿಬ್ಬವೊಂದರಲ್ಲಿ ಎಷ್ಟು ಜಾತಿಯ ಮೀನುಗಳಿವೆಯೆಂದು ಎಣಿಸಲು ಸಿಡಿಮದ್ದನ್ನು ಸಿಡಿಸಲಾಗುತ್ತದೆ. ಸತ್ತು ತೇಲುವ, ಸಾಯುತ್ತ ಒದ್ದಾಡುವ ಮೀನುಗಳ ಮೇಲೆ ಕ್ಯಾಮೆರಾ ನಿಧಾನವಾಗಿ ಹಾಯುತ್ತದೆ. ಇದು ವಿಜ್ಞಾನಕ್ಕೆ ಅನಿವಾರ್ಯವೆಂದು ನಿರೂಪಣೆ ಸಮಾಧಾನ ಹೇಳುತ್ತದೆ. ದಡದ ಮೇಲಿನ ದೈತ್ಯ ಆಮೆಗಳ ಬೆನ್ನನ್ನು ನಾವಿಕರು ಆಸನವಾಗಿ ಮಾಡಿಕೊಳ್ಳುತ್ತಾರೆ. ನೀರೊಳಗಿನ ಆಮೆಯನ್ನು ಹಿಡಿದು ಸವಾರಿ ಮಾಡುತ್ತಾರೆ. ತಿಮಿಂಗಿಲಗಳ ಹಿಂಡನ್ನು ಹಡಗು ಹತ್ತಿರದಿಂದ ಹಿಂಬಾಲಿಸಿದಾಗ ಒಂದು ಮರಿ ಅದರ ತಿರುಗುವ ಚಕ್ರಕ್ಕೆ ಸಿಲುಕಿ ಘಾಸಿಗೊಳ್ಳುತ್ತದೆ. ನರಳಾಟವನ್ನು ಮುಗಿಸಲೆಂದು ನಾವಿಕರೇ ಅದನ್ನು ಕೊಲ್ಲುತ್ತಾರೆ. ನೆತ್ತರಿನ ವಾಸನೆಗೆ ಶಾರ್ಕ್ ಮೀನುಗಳು ಮುತ್ತಿ ಆ ಕಳೇಬರವನ್ನು ತಿನ್ನತೊಡಗುತ್ತವೆ. ಆಗ ನಾವಿಕರಿಗೆ ಕೋಪ ಬರುತ್ತದೆ. ಶಾರ್ಕ್ ನಾವಿಕರ ಜನ್ಮವೈರಿಯೆಂಬ ಮಾತು ಕೇಳಿಬರುತ್ತದೆ. ಕೊಕ್ಕೆ ಹಾಕಿ ಒಂದೊಂದನ್ನೇ ಹಡಗಿನ ಮೇಲಕ್ಕೆ ಎಳೆದು ಬಡಿದು ಕೊಲ್ಲಲಾಗುತ್ತದೆ.

ಈ ಕೊನೆಯ ಪ್ರಸಂಗದ ತರ್ಕವನ್ನು ನಿಧಾನವಾಗಿ ಬಿಡಿಸಿ ನೋಡಬೇಕು. ಮರಿಯನ್ನು ಗಾಯಗೊಳಿಸಿದ್ದು ಹಡಗು, ಕೊಂದದ್ದು ಮನುಷ್ಯ. ಸತ್ತದ್ದನ್ನು ತಿಂದದ್ದಷ್ಟೇ ಶಾರ್ಕ್‌ಗಳ ಕೆಲಸ. ಅದು ಅವುಗಳ ಆಹಾರ. ಆದರೆ ಶಿಕ್ಷೆಯಾದದ್ದು ಅವುಗಳಿಗೆ. ತನ್ನಿಂದಾದ ತಪ್ಪಿನ ಕಳವಳವನ್ನು ಮನುಷ್ಯನು ಮತ್ತೊಂದು ಪ್ರಾಣಿಯ ಮೇಲೆ ಹೊರಿಸಿ, ಅದನ್ನು ದಂಡಿಸಿ, ತಾನು ಹಗುರಾಗುತ್ತಾನೆ. ಶ್ರಾವಕಾಚಾರದಲ್ಲಿ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಕ್ರಮವುಂಟು. ಮರಿಗೆ ಆದ ಮೊದಲ ಪೆಟ್ಟು ಪ್ರಮಾದದಿಂದ ಆದದ್ದೆನ್ನೋಣ. ಶಾರ್ಕ್‌ಗಳ ವಧೆಯಾದರೋ ಹೊಟ್ಟೆಪಾಡಿಗಾಗಿ ಅಲ್ಲ, ಆತ್ಮರಕ್ಷಣೆಗಾಗಿಯೂ ಅಲ್ಲ. ಅದು ಶುದ್ಧ ಸಂಕಲ್ಪೀ ಹಿಂಸೆ. ಗೃಹಸ್ಥನಿಗೆ ಯಾವ ವಿನಾಯಿತಿಯೂ ಇಲ್ಲದ ಬಗೆ. ಇಂತಹ ದೃಶ್ಯವನ್ನು ಸಂಕಲನದ ಮೇಜಿನ ಮೇಲೆ ಕತ್ತರಿಸಿ ತೆಗೆಯದೆ ಚಿತ್ರದ ಉತ್ಕರ್ಷವಾಗಿ ಇರಿಸಿದ್ದು ನಿರ್ದೇಶಕರ ಆಯ್ಕೆ. ಅದರ ತಲೆಯ ಮೇಲೆ ಬಂಗಾರದ ಗರಿ ಇರಿಸಿದ್ದು ತೀರ್ಪುಗಾರರ ಅನುಮೋದನೆ.

ಅದೇ ವರ್ಷದ ಇನ್ನೆರಡು ಸಂಗತಿಗಳನ್ನು ಪಕ್ಕದಲ್ಲಿಟ್ಟರೆ ಈ ಅನುಮೋದನೆಯ ತೂಕ ಇನ್ನಷ್ಟು ಸ್ಪಷ್ಟವಾಗುತ್ತದೆ. ನಾತ್ಸಿಗಳ ಮರಣಶಿಬಿರಗಳನ್ನು ಕುರಿತ ಅಲೇನ್ ರೆನೆ ಅವರ ಕಿರುಚಿತ್ರ ‘ಇರುಳು ಮತ್ತು ಮಂಜು’ ಆ ಸಲ ಸ್ಪರ್ಧೆಯಲ್ಲಿರಬೇಕಿತ್ತು. ಪಶ್ಚಿಮ ಜರ್ಮನಿಯ ಆಕ್ಷೇಪದಿಂದಾಗಿ ಅದನ್ನು ಸ್ಪರ್ಧೆಯಿಂದ ಹಿಂತೆಗೆದು ಹೊರಗೆ ತೋರಿಸಲಾಯಿತು. ಒಂದು ರಾಷ್ಟ್ರದ ಮನಸ್ಸು ನೊಂದೀತೆಂಬ ಭಯಕ್ಕೆ, ಲಕ್ಷಾಂತರ ಮನುಷ್ಯರ ಹತ್ಯೆಗೆ ಸಾಕ್ಷಿ ಹೇಳುವ ಚಿತ್ರ ಪಕ್ಕಕ್ಕೆ ಸರಿಯಿತು. ಶಾರ್ಕ್‌ಗಳ ಹತ್ಯೆಯ ಚಿತ್ರಕ್ಕೆ ಆಕ್ಷೇಪವೆತ್ತುವವರಿರಲಿಲ್ಲ. ಮೂಕಪ್ರಾಣಿಗಳಿಗೆ ರಾಯಭಾರ ಕಚೇರಿಗಳಿಲ್ಲ.

ಎರಡನೆಯದು ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’. ಹೆಂಡತಿಯ ಒಡವೆಗಳನ್ನು ಗಿರವಿಯಿಟ್ಟು ಆರಂಭಿಸಿದ, ಹಣವಿಲ್ಲದೆ ಮತ್ತೆ ಮತ್ತೆ ನಿಂತ, ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ನೆರವಿನಿಂದ 1955ರಲ್ಲಿ ಪೂರ್ಣಗೊಂಡ ಆ ಚಿತ್ರಕ್ಕೆ ಕಾನ್ ಉತ್ಸವದ ಮೊದಲ ಪ್ರದರ್ಶನದಲ್ಲಿ ಪ್ರೇಕ್ಷಕರೇ ವಿರಳವಾಗಿದ್ದರು. ಕೆಲವು ವಿಮರ್ಶಕರು ಹಟ ಹಿಡಿದು ಮರುಪ್ರದರ್ಶನ ಏರ್ಪಡಿಸಿದ ಮೇಲೆ ‘ಅತ್ಯುತ್ತಮ ಮಾನವ ದಾಖಲೆ’ ಎಂಬ ಬಹುಮಾನ ಅದಕ್ಕೆ ದೊರಕಿತು. ಆ ಚಿತ್ರದಲ್ಲಿ ಬಡತನವಿದೆ, ಕಳವಿದೆ, ಬೈಗುಳವಿದೆ, ಎರಡು ಸಾವುಗಳಿವೆ. ಆದರೆ ವೈರಿಯೆಂಬುವವನಿಲ್ಲ. ಮುದುಕಿ ಇಂದಿರ್ ಠಾಕ್ರುಣಳನ್ನು ಗದರಿಸಿ ಹೊರಗಟ್ಟುವ ಸರ್ವಜಯೆಯನ್ನೂ ನೋಡುವವರು ದ್ವೇಷಿಸಲಾರರು. ಅವಳ ಖಾಲಿ ಮಡಕೆಯನ್ನೂ ಅವರು ಕಂಡಿರುತ್ತಾರೆ. ಕೊಳದ ಮೇಲೆ ಓಡಾಡುವ ಹುಳುಗಳನ್ನೂ ಅದೇ ತಾಳ್ಮೆಯ ಕಣ್ಣು ನೋಡುತ್ತದೆ. ಒಂದೇ ವರ್ಷ, ಒಂದೇ ಪರದೆಯ ಮೇಲೆ, ವೈರಿಯನ್ನು ಹುಡುಕಿಕೊಂಡ ಚಿತ್ರ ಮೇಲಿನ ಪೀಠವನ್ನೂ, ವೈರಿಯನ್ನೇ ಕಾಣದ ಚಿತ್ರ ಕೆಳಗಿನ ಪೀಠವನ್ನೂ ಪಡೆದವು. ರಾಯ್ ಅವರ ಮುಂದಿನ ಚಿತ್ರ ‘ಅಪರಾಜಿತೋ’ 1957ರಲ್ಲಿ ವೆನಿಸ್ ಉತ್ಸವದ ಪರಮೋಚ್ಚ ಪ್ರಶಸ್ತಿಯಾದ ಬಂಗಾರದ ಸಿಂಹವನ್ನು ಗಳಿಸಿತು. ಯಾವ ಉತ್ಸವದ ತೀರ್ಪನ್ನು ಪ್ರತಿಭಟಿಸಿ ಕಾನ್ ಹುಟ್ಟಿತೋ ಆ ಉತ್ಸವವೇ ಕಾನ್ ಮಾಡಿದ ಕೊರತೆಯನ್ನು ತುಂಬಿದಂತಾಯಿತು.

ಅನೇಕಾಂತದ ದೃಷ್ಟಿಯುಳ್ಳವರು ಪ್ರತಿವಾದಿಯ ಮಾತನ್ನೂ ಕೇಳಬೇಕು. ‘ಕಾಲವೇ ಹಾಗಿತ್ತು’ ಎಂಬುದು ಮೊದಲ ವಾದ. ಇದರಲ್ಲಿ ಸತ್ಯಾಂಶವಿದೆ. ಕೂಸ್ತೋ ಅವರೇ ಮುಂದೆ ಬದಲಾದರು. 1960ರಲ್ಲಿ ವಿಕಿರಣಶೀಲ ತ್ಯಾಜ್ಯವನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಸುರಿಯುವ ಯೋಜನೆಯನ್ನು ವಿರೋಧಿಸಿದರು. 1973ರಲ್ಲಿ ಸಾಗರ ರಕ್ಷಣೆಗಾಗಿ ಸಂಸ್ಥೆಯನ್ನು ಸ್ಥಾಪಿಸಿದರು. 1997ರಲ್ಲಿ ತೀರಿಕೊಳ್ಳುವವರೆಗೂ ಕಡಲ ಜೀವಿಗಳ ಪರವಾಗಿ ಮಾತನಾಡಿದರು. 2015ರಲ್ಲಿ ಫ್ರಾನ್ಸಿನ ನಿರ್ದೇಶಕ ಝೆರಾರ್ ಮೊರ್ದಿಯಾ ಈ ಚಿತ್ರವನ್ನು ಕಟುವಾಗಿ ಖಂಡಿಸಿದಾಗ ಅನೇಕರು ಕೂಸ್ತೋ ಅವರ ಉತ್ತರಾರ್ಧವನ್ನು ಮುಂದಿಟ್ಟು ಅವರನ್ನು ಸಮರ್ಥಿಸಿದರು. ಮನುಷ್ಯನು ತಿದ್ದಿಕೊಳ್ಳಬಲ್ಲನೆಂಬುದಕ್ಕೆ ಅವರ ಬಾಳು ಒಳ್ಳೆಯ ನಿದರ್ಶನವೇ ಸರಿ. ಆದರೆ ಮನುಷ್ಯ ಬದಲಾದ ಮಾತ್ರಕ್ಕೆ ತೀರ್ಪು ಬದಲಾಗುವುದಿಲ್ಲ. ಕಾಲದ ಮೇಲೆ ಹೊಣೆ ಹೊರಿಸುವ ಮುನ್ನ, ಅದೇ ಕಾಲದಲ್ಲಿ ‘ಪಥೇರ್ ಪಾಂಚಾಲಿ’ಯೂ ಆಗಿತ್ತೆಂಬುದನ್ನು ಮರೆಯಬಾರದು.

‘ಪರದೆಯ ಮೇಲಿನದು ಕೇವಲ ಬಿಂಬ’ ಎಂಬುದು ಎರಡನೆಯ ವಾದ. ಇದಕ್ಕೆ ಕನ್ನಡ ನಾಡು ಎಂಟು ಶತಮಾನಗಳ ಹಿಂದೆಯೇ ಉತ್ತರ ಕೊಟ್ಟಿದೆ. ಜನ್ನ ಕವಿಯ ‘ಯಶೋಧರ ಚರಿತೆ’ಯಲ್ಲಿ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಜೀವಂತ ಕೋಳಿಗೆ ಬದಲಾಗಿ ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಸತ್ತದ್ದು ಹಿಟ್ಟು. ಆದರೆ ಕತ್ತಿ ಎತ್ತಿದ ಕೈಯ ಹಿಂದಿನ ಭಾವ ಕೊಲ್ಲುವ ಭಾವವೇ ಆಗಿದ್ದುದರಿಂದ ತಾಯಿಯೂ ಮಗನೂ ಭವಭವಗಳಲ್ಲಿ ಪ್ರಾಣಿಜನ್ಮದ ದುಃಖವನ್ನು ಉಣ್ಣುತ್ತಾರೆ. ಹಿಟ್ಟಿನ ಕೋಳಿಗೇ ಅಷ್ಟು ಫಲವಿರುವಾಗ, ನಿಜವಾದ ಶಾರ್ಕ್‌ಗಳನ್ನು ಕೊಂದು ಚಿತ್ರಿಸಿ, ಕತ್ತಲ ಮಂದಿರದಲ್ಲಿ ಕುಳಿತ ಸಾವಿರಾರು ಪ್ರೇಕ್ಷಕರ ಮನಸ್ಸಿನಲ್ಲಿ ‘ಹಾಗೆಯೇ ಆಗಬೇಕು’ ಎಂಬ ಭಾವವನ್ನು ಹುಟ್ಟಿಸಿದ ಚಿತ್ರವನ್ನು ‘ಕೇವಲ ಬಿಂಬ’ವೆನ್ನುವುದು ಹೇಗೆ?

ಈ ಅಳತೆಗೋಲನ್ನೇ ಹಿಡಿದು 2022ನೆಯ ವರ್ಷಕ್ಕೆ ಬರೋಣ. ಫ್ರೆಂಚ್ ನಟ ವಿನ್ಸೆಂಟ್ ಲಿಂಡನ್ ಅಧ್ಯಕ್ಷರಾಗಿದ್ದ ಆ ಸಲದ ತೀರ್ಪುಗಾರರ ಮಂಡಳಿಯಲ್ಲಿ ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆಯವರೂ ಇದ್ದರು. ಬಂಗಾರದ ಗರಿ ಸ್ವೀಡನ್ನಿನ ರೂಬೆನ್ ಓಸ್ಟ್‌ಲುಂಡ್ ಅವರ ಚಿತ್ರಕ್ಕೆ ಹೋಯಿತು. ಸಿರಿವಂತರ ಹಡಗು ಮುಳುಗಿ ದ್ವೀಪ ಸೇರಿದವರು ಹಸಿವಿಗಾಗಿ ಕತ್ತೆಯೊಂದನ್ನು ಬಡಿದು ಕೊಲ್ಲುವ ಪ್ರಸಂಗ ಆ ವಿಡಂಬನೆಯಲ್ಲಿದೆ. ಕಥೆಯೊಳಗಿನ ಕೊಲೆಯದು, ಹಿಟ್ಟಿನ ಕೋಳಿ. ಆದರೆ ಇಲ್ಲಿ ನಿರ್ದೇಶಕನು ಮನುಷ್ಯನ ನೀಚತನವನ್ನು ತೋರಿಸಲು ಆ ಕೊಲೆಯನ್ನು ಬಳಸುತ್ತಾನೆಯೇ ಹೊರತು ನೋಡುವವರಿಂದ ಚಪ್ಪಾಳೆ ಬೇಡುವುದಿಲ್ಲ. ಭಾವ ಬೇರೆಯಾದುದರಿಂದ ತೂಕವೂ ಬೇರೆ.

ಅದೇ ಮಂಡಳಿ ಜ್ಯೂರಿ ಬಹುಮಾನವನ್ನು ಎರಡು ಚಿತ್ರಗಳಿಗೆ ಹಂಚಿತು. ಒಂದು, ಪೋಲೆಂಡಿನ ಹಿರಿಯ ನಿರ್ದೇಶಕ ಯೆಜಿ ಸ್ಕೊಲಿಮೊವ್‌ಸ್ಕಿ ಅವರ ‘ಇಓ’. ಕತ್ತೆಯೇ ಇಲ್ಲಿ ಕಥಾನಾಯಕ. ಸರ್ಕಸ್ಸಿನಿಂದ ಹೊರಬಿದ್ದ ಕತ್ತೆ ಪೋಲೆಂಡಿನಿಂದ ಇಟಲಿಯವರೆಗೆ ಕೈಯಿಂದ ಕೈಗೆ ಸಾಗುತ್ತದೆ. ಕೆಲವರು ಮುದ್ದಿಸುತ್ತಾರೆ, ಕೆಲವರು ದುಡಿಸುತ್ತಾರೆ, ಕೆಲವರು ಮೋಜಿಗೆ ಬಡಿಯುತ್ತಾರೆ. ಕೊನೆಗೆ ಅದು ದನಗಳ ಹಿಂಡಿನೊಡನೆ ಕಸಾಯಿಖಾನೆಯ ದಾರಿ ಹಿಡಿಯುತ್ತದೆ. ಅಹಿಂಸಾಣುವ್ರತದ ಅತಿಚಾರಗಳಾದ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳನ್ನು ಪಾಠದಲ್ಲಿ ಕಂಠಪಾಠ ಮಾಡಿದವರು ಈ ಚಿತ್ರವನ್ನು ನೋಡಿದರೆ ಅವುಗಳಲ್ಲಿ ಹೆಚ್ಚಿನವು ಕಣ್ಣೆದುರು ನಡೆದುಹೋಗುತ್ತವೆ. ಚಿತ್ರ ತಯಾರಿಕೆಯಲ್ಲಿ ಯಾವ ಪ್ರಾಣಿಗೂ ಕೇಡಾಗಿಲ್ಲವೆಂಬ ಹೇಳಿಕೆ ಕೊನೆಯಲ್ಲಿ ಬರುತ್ತದೆ. ಬಹುಮಾನ ಸ್ವೀಕರಿಸಿದ ನಿರ್ದೇಶಕರು ಪಾತ್ರ ವಹಿಸಿದ್ದ ಆರು ಕತ್ತೆಗಳ ಹೆಸರುಗಳನ್ನು ಒಂದೊಂದಾಗಿ ಹೇಳಿ ವಂದಿಸಿದರು. ಸಭೆ ನಕ್ಕಿತು, ಆದರೆ ಆ ಕೃತಜ್ಞತೆ ಹುಸಿಯಾಗಿರಲಿಲ್ಲ. 1956ರ ಚಿತ್ರದಲ್ಲಿ ಸತ್ತ ಜೀವಗಳಿಗೆ ಯಾರೂ ವಂದಿಸಿರಲಿಲ್ಲ. ಅರವತ್ತಾರು ವರ್ಷಗಳಲ್ಲಿ ಉತ್ಸವವೂ ಒಂದಿಷ್ಟು ದೂರ ನಡೆದು ಬಂದಿದೆಯೆಂದು ಒಪ್ಪಬೇಕು.

ಆ ವರ್ಷದ ಮೂರನೆಯ ಚಿತ್ರವು ಶ್ರಾವಕರಿಗೆ ಎಲ್ಲಕ್ಕಿಂತ ಹತ್ತಿರದ್ದು. ಅದಕ್ಕೆಂದೇ ಎಲ್ಲಕ್ಕಿಂತ ಕಷ್ಟದ್ದು. ಸಾಕ್ಷ್ಯಚಿತ್ರಗಳಿಗೆಂದೇ 2015ರಿಂದ ಕಾನ್ ಉತ್ಸವದಲ್ಲಿ ನೀಡಲಾಗುತ್ತಿರುವ ‘ಬಂಗಾರದ ಕಣ್ಣು’ ಬಹುಮಾನವನ್ನು 2021ರಲ್ಲಿ ಪಾಯಲ್ ಕಪಾಡಿಯಾ ಪಡೆದಿದ್ದರು. 2022ರಲ್ಲಿ ಅದು ಶೌನಕ್ ಸೇನ್ ಅವರ ‘ಆಲ್ ದಟ್ ಬ್ರೀದ್ಸ್’ ಚಿತ್ರಕ್ಕೆ ಸಂದಿತು. ‘ಉಸಿರಾಡುವುದೆಲ್ಲವೂ’ ಎಂದು ಆ ಹೆಸರಿನ ಅರ್ಥ. ದೆಹಲಿಯ ವಜೀರಾಬಾದಿನಲ್ಲಿ ನದೀಮ್ ಶಹಜಾದ್, ಮೊಹಮ್ಮದ್ ಸೌದ್ ಎಂಬ ಸೋದರರು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಗಾಯಗೊಂಡ ಹದ್ದುಗಳಿಗೆ ಚಿಕಿತ್ಸೆ ಮಾಡುತ್ತಾರೆ. ಅವರದು ಸೋಪು ದ್ರವದ ಪೆಟ್ಟಿಗೆಗಳನ್ನು ತಯಾರಿಸಿ ಮಾರುವ ಸಣ್ಣ ಉದ್ಯಮ. ಆ ಆದಾಯದಿಂದಲೇ ಸೇವೆ ಸಾಗಬೇಕು. ಗಾಳಿಪಟದ ಗಾಜುಲೇಪಿತ ಮಾಂಜಾ ದಾರಕ್ಕೆ ಸಿಲುಕಿ ರೆಕ್ಕೆ ಹರಿದ ಹಕ್ಕಿಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಬರುತ್ತಲೇ ಇರುತ್ತವೆ. ಹೊರಗೆ ಹೊಗೆ ಕವಿದ ಆಕಾಶ, 2020ರ ದೆಹಲಿ ಗಲಭೆಯ ಸುದ್ದಿಗಳು. ಒಳಗೆ ಹೊಲಿಗೆಯ ಸೂಜಿ. ನಿರ್ದೇಶಕರು ಸೋದರರನ್ನು ಮಹಾತ್ಮರನ್ನಾಗಿ ಮಾಡಿಲ್ಲ. ಅವರ ಜಗಳ, ದಣಿವು, ಹಣದ ಚಿಂತೆಗಳನ್ನೂ ತೋರಿಸಿದ್ದಾರೆ. ಇಲಿ, ಹಂದಿ, ಆಮೆ, ಕೀಟಗಳ ಮೇಲೂ ಕ್ಯಾಮೆರಾ ಅವಸರವಿಲ್ಲದೆ ನಿಲ್ಲುತ್ತದೆ. ‘ಮೌನ ಜಗತ್ತು’ ನೋಡಿದ ಕಣ್ಣಿಗೆ ಇದು ಪ್ರಾಯಶ್ಚಿತ್ತದಂತೆ ಕಂಡೀತು.

ಆದರೆ ಸೋದರರು ತಮ್ಮ ಸೇವೆಯ ಮೂಲವನ್ನು ಹೇಳುವ ವೃತ್ತಾಂತದಲ್ಲಿ ಒಂದು ಮುಳ್ಳಿದೆ. ಗಾಯಗೊಂಡ ಹದ್ದನ್ನು ಅವರು ಮೊದಲು ಒಂದು ಪಕ್ಷಿ ಚಿಕಿತ್ಸಾಲಯಕ್ಕೆ ಒಯ್ದರು. ಹದ್ದು ಮಾಂಸಾಹಾರಿಯೆಂಬ ಕಾರಣದಿಂದ ಅಲ್ಲಿ ಅದಕ್ಕೆ ಚಿಕಿತ್ಸೆ ದೊರೆಯಲಿಲ್ಲ. ಮತ್ತೆ ಯಾರೂ ಇಲ್ಲದ್ದರಿಂದ ಅವರೇ ಆ ಕೆಲಸಕ್ಕೆ ಕೈಹಾಕಿದರು. ಚಿತ್ರವು ಈ ಸಂಗತಿಯನ್ನು ಆಕ್ರೋಶವಿಲ್ಲದೆ ಹೇಳಿ ಮುಂದೆ ಸಾಗುತ್ತದೆ. ಶ್ರಾವಕನಾದ ಪ್ರೇಕ್ಷಕನು ಹಾಗೆ ಮುಂದೆ ಸಾಗಲಾರ.

ನಿರಾಕರಣೆಯ ಹಿಂದೆ ನಿರ್ದಯೆಯೇ ಇತ್ತೆನ್ನುವುದು ಸುಲಭ, ಆದರೆ ನ್ಯಾಯವಲ್ಲ. ಹದ್ದನ್ನು ವಾರಗಟ್ಟಲೆ ಉಳಿಸಿಕೊಂಡರೆ ಅದಕ್ಕೆ ಮಾಂಸವೇ ಬೇಕು. ಚಿತ್ರದಲ್ಲಿ ಸೋದರರು ಯಂತ್ರದಲ್ಲಿ ಮಾಂಸವನ್ನು ಅರೆಯುವ ದೃಶ್ಯಗಳೂ ಇವೆ. ಒಂದು ಪಂಚೇಂದ್ರಿಯ ಜೀವವನ್ನು ಉಳಿಸಲು ಮತ್ತೊಂದರ ವಧೆಯನ್ನು ಅನುಮೋದಿಸಬೇಕಾಗುವ ಈ ಸಂಕಟ ನಿಜವಾದದ್ದು. ಆದರೆ ಇಲ್ಲಿ ಎರಡು ಬೇರೆ ಪ್ರಶ್ನೆಗಳು ಬೆರೆತುಹೋಗಿವೆ. ಗಾಯವನ್ನು ತೊಳೆಯಲು, ರೆಕ್ಕೆಯನ್ನು ಹೊಲಿಯಲು, ಮೂಳೆಗೆ ಪಟ್ಟಿ ಕಟ್ಟಲು ಮಾಂಸ ಬೇಕಿಲ್ಲ. ಆಹಾರ ಕೊಡಲಾಗದವನು ಔಷಧವನ್ನಾದರೂ ಕೊಡಬಹುದು; ಮುಂದಿನ ಆರೈಕೆಗೆ ತಕ್ಕವರ ಕೈಗೆ ಒಪ್ಪಿಸಬಹುದು. ಹಕ್ಕಿಯ ಆಹಾರವನ್ನು ಅದರ ಅಪರಾಧವೆಂದು ಎಣಿಸಿದಾಗ ಮಾತ್ರ ಬಾಗಿಲು ಪೂರ್ತಿಯಾಗಿ ಮುಚ್ಚುತ್ತದೆ. ಹಾಗೆ ಎಣಿಸುವ ತರ್ಕ ಯಾವುದು? ಕಲಿಪ್ಸೊ ಹಡಗಿನ ಮೇಲೆ ಕೇಳಿಬಂದದ್ದೂ ಅದೇ ತರ್ಕವಲ್ಲವೇ? ತಿನ್ನುವುದಕ್ಕಾಗಿ ಶಾರ್ಕನ್ನು ಕೊಂದವರಿಗೂ, ತಿನ್ನುವುದಕ್ಕಾಗಿ ಹದ್ದನ್ನು ಹಿಂದಕ್ಕೆ ಕಳುಹಿಸಿದವರಿಗೂ ಕೃತ್ಯದಲ್ಲಿ ಅಜಗಜಾಂತರವಿದೆ. ಒಂದು ಕ್ರೌರ್ಯ, ಇನ್ನೊಂದು ಹಿಂಜರಿಕೆ. ಆದರೆ ತಿರ್ಯಂಚ ಜೀವದ ಸ್ವಭಾವವನ್ನು ಪಾಪವೆಂದು ಬಗೆದ ತಪ್ಪು ಎರಡರಲ್ಲೂ ಒಂದೇ.

ಸಮವಸರಣದ ವರ್ಣನೆಯಲ್ಲಿ ಸಿಂಹವೂ ಹಸುವೂ ಒಂದೇ ಸಭೆಯಲ್ಲಿ ಕುಳಿತು ದಿವ್ಯಧ್ವನಿಯನ್ನು ಕೇಳುತ್ತವೆ. ಬಾಗಿಲಲ್ಲಿ ಸಿಂಹವನ್ನು ತಡೆದು ಅದರ ಆಹಾರವೇನೆಂದು ಯಾರೂ ಕೇಳುವುದಿಲ್ಲ. ವರ್ಧಮಾನ ಸ್ವಾಮಿಯ ಲಾಂಛನವೇ ಸಿಂಹ. ಪುರಾಣದ ಪ್ರಕಾರ ಆ ಜೀವವು ಹಿಂದಿನ ಒಂದು ಭವದಲ್ಲಿ ಬೇಟೆಯಾಡುವ ಸಿಂಹವೇ ಆಗಿದ್ದು, ಮುನಿಗಳ ಕರುಣೆಯ ಮಾತಿನಿಂದ ದಾರಿಗೆ ಬಂದಿತು. ಮುನಿಗಳು ಅಂದು ಅದರ ಬಾಯಿಯ ನೆತ್ತರನ್ನು ನೋಡಿ ಮುಖ ತಿರುಗಿಸಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಕಾನ್ ಉತ್ಸವದ ‘ಬಂಗಾರದ ಕಣ್ಣು’ ಆ ಎರಡು ಸೋದರರ ಕೆಲಸವನ್ನು ಲೋಕಕ್ಕೆ ತೋರಿಸಿತು. ಕಲೆಯ ದೃಷ್ಟಿಯಿಂದಲೂ ಅನುಮೋದನೆಯ ದೃಷ್ಟಿಯಿಂದಲೂ ಆ ತೀರ್ಪು ನಿರ್ದುಷ್ಟ. ಆದರೆ ಗೋಶಾಲೆ, ಪಿಂಜರಾಪೋಲು, ಪಕ್ಷಿ ಚಿಕಿತ್ಸಾಲಯಗಳಿಗೆ ಉದಾರವಾಗಿ ದಾನ ಕೊಡುವ ಕುಟುಂಬಗಳೂ ಅವುಗಳನ್ನು ನಡೆಸುವ ಟ್ರಸ್ಟುಗಳೂ ಕೊಡಬೇಕಾದ ತೀರ್ಪು ಇನ್ನೂ ಬಾಕಿ ಇದೆ. ಭಾದ್ರಪದದ ದಶಲಕ್ಷಣ ಪರ್ವದ ಒಂದು ಸಂಜೆ ಬಸದಿಯ ಸಭಾಭವನದಲ್ಲಿ ಈ ಚಿತ್ರವನ್ನು ತೋರಿಸಿ, ಅದರ ಬಳಿಕ ಟ್ರಸ್ಟಿನ ಹಿರಿಯರೂ ಪಶುವೈದ್ಯರೂ ತರುಣರೂ ಒಟ್ಟಿಗೆ ಕುಳಿತು ಒಂದೇ ಪ್ರಶ್ನೆಯನ್ನು ಚರ್ಚಿಸಲಿ: ಗಾಯಗೊಂಡ ಹದ್ದೊಂದು ನಾಳೆ ಬಾಗಿಲಿಗೆ ಬಂದರೆ ಏನು ಮಾಡುವುದು? ಉತ್ತರವನ್ನು ನಿಯಮಾವಳಿಯಲ್ಲಿ ಬರೆದಿಡಲಿ.